ಶೆಡ್ಡಿನ ರೋಬೋಗೆ ಹಚ್ಚಿದ ಗಂಧ

ನನ್ನ ಕಾರನ್ನು ಬೀದಿಯ ಬಿಸಿಲು-ಮಳೆಯಲ್ಲಿ ನಿಲ್ಲಿಸಿ, ಅದರ ಶೆಡ್ಡನ್ನು ಒಂದು ರೋಬೋಗೆ ಬಿಟ್ಟುಕೊಟ್ಟವನು ನಾನೇ. ಹಾಗಾಗಿ ದೂರುವ ಹಕ್ಕು ನನಗಿರಲಿಲ್ಲ. ಆದರೂ ಆ ಮಳೆಗಾಲವೆಲ್ಲ ದೂರಿಕೊಂಡೇ ಕಳೆದೆ.

ಹೈಸ್ಕೂಲಿನಲ್ಲಿದ್ದ ಮೊಮ್ಮಗ, ಸ್ಪರ್ಧೆಗೆ ಹೋಗುವ ರೋಬೋ ತಂಡಕ್ಕೆ ಸೇರಲೇಬೇಕೆಂದು ಊಟ ಬಿಟ್ಟು ಕೂತಿದ್ದ. ತಂಡದ ಸುದ್ದಿ ಅವನ ಕಿವಿಗೆ ಬಿದ್ದದ್ದು ನಮ್ಮ ಮೇಲಿನ ಮನೆಯ ಬಾಡಿಗೆದಾರರ ಮಗಳಿಂದ. ಅವರು ಗದಗದ ಕಡೆಯವರು. ಹುಡುಗಿ ಪರೀಕ್ಷೆ ಬರೆದು ಆಯ್ಕೆಯಾಗಿದ್ದಳು. ನಮ್ಮವನು ಅದೇ ಪರೀಕ್ಷೆಯಲ್ಲಿ ಡುಮ್ಕಿ. ಆಗಷ್ಟೇ ಎಂಜಿನಿಯರಿಂಗ್ ಮುಗಿಸಿದ್ದ ಕೋಚ್ ಹುಡುಗ ಜಾಗವಿಲ್ಲ ಎಂದುಬಿಟ್ಟ. ಈ ಜಾಗ ಬಿಟಿಎಂ ಲೇಔಟ್ ಆಗುವ ಮೊದಲು ಇಲ್ಲಿ ರಾಗಿ ಬೆಳೆಯುತ್ತಿದ್ದ ಮನೆತನ ನಮ್ಮದು. ಜಾಗವಿಲ್ಲ ಎಂಬ ಮಾತು ನನಗೆ ಹಿಡಿಸದು. "ಪ್ರಾಕ್ಟೀಸಿಗೆ ನಮ್ಮ ಶೆಡ್ ತಗೊಳ್ಳಿ ಸಾರ್" ಎಂದೆ. ತಂಡದಲ್ಲಿ ಕೂಡಲೇ ಜಾಗ ಹುಟ್ಟಿತು.

ಅಲ್ಲಿಂದ ಶುರುವಾಯಿತು ನೋಡಿ. ಗೇಟಿನ ತುಂಬ ಚಪ್ಪಲಿ. ಶೆಡ್ಡಿನ ತುಂಬ ವೈರು. ನಾನು ಮಧ್ಯಾಹ್ನ ಕಣ್ಣು ಮುಚ್ಚಿದರೆ ಸಾಕು, "ಸಖತ್ತಾಗಿ ತಿರುಗ್ತು ಮಗಾ!" ಎಂಬ ಕಿರುಚಾಟ. ಇಷ್ಟೆಲ್ಲ ರಂಪ ಟಿಫಿನ್ ಡಬ್ಬಿಯಷ್ಟಿದ್ದ ಒಂದು ಗಾಡಿಗೆ! ಮರದ ಗೋಡೆಗಳ ನಡುವೆ, ಎಲ್ಲೂ ತಾಗದೆ, ತಾನೇ ದಾರಿ ಹುಡುಕಿ ಹೊರಗೆ ಬರಬೇಕಿತ್ತು, ಅಷ್ಟೆ.

ಅದರ ಮುಂಭಾಗದಲ್ಲಿ ಎರಡು ಕಪ್ಪು ಕೊಳವೆಗಳೊಳಗೆ ಎರಡು ಕಣ್ಣು. ಆ ಕಣ್ಣುಗಳು ಹುಡುಗಿಯ ಜವಾಬ್ದಾರಿ. ಒಂದು ದಿನ ನಾನಾಗಿಯೇ ಕೇಳಿದ್ದಕ್ಕೆ ತಿಳಿಸಿ ಹೇಳಿದಳು.

"ಕಣ್ಣಾಗಿಂದ ಬೆಳಕು ಹೊಂಟು, ಗ್ವಾಡಿಗೆ ಬಡದು ಹೊಳ್ಳಿ ಬರ್ತೈತ್ರಿ ಅಜ್ಜಾರ. ಬಂದ ಕೂಡ್ಲೆ ಮುಂದ ಗ್ವಾಡಿ ಐತಿ ಅಂತ ತಿಳಕೊಂಡು ಹಿಂದಕ್ಕ ಸರೀತೈತ್ರಿ."

"ನಂಗ್ಯಾವ ಬೆಳಕೂ ಕಾಣಲ್ವಲ್ಲಮ್ಮ?"

"ನಮಗ ಕಾಣಂಗಿಲ್ರಿ, ಅದಕ್ಕ ಕಾಣ್ತೈತ್ರಿ. ಕಣ್ಣಿಗಷ್ಟ ಕೈ ಹಚ್ಚಬ್ಯಾಡ್ರಿ."

ಎಸ್ಸೆಸ್ಸೆಲ್ಸಿ ಓದಿದ ನನಗೂ ಅರ್ಥವಾಗುವ ಹಾಗೆ ಹೇಳಿದ್ದಳು. ತಿಳಿಯದೆ ಮಾಡಿದೆ ಎನ್ನಲು ದಾರಿಯಿಲ್ಲ.

ಆಯುಧಪೂಜೆಯ ಮಧ್ಯಾಹ್ನ ಅವಳು ಬಂದು ಕಣ್ಣುಗಳನ್ನು ಪರೀಕ್ಷಿಸಿ, ರೋಬೋ ಮೇಲೆ ಬಟ್ಟೆ ಮುಚ್ಚಿ ಹೋದಳು. ಹಬ್ಬ ಮುಗಿಯುತ್ತಲೇ ಸ್ಪರ್ಧೆ, ಅಲ್ಲಿಯವರೆಗೆ ಅಭ್ಯಾಸವಿರಲಿಲ್ಲ. ಸಂಜೆ ನಾನು ಕಾರು, ಸ್ಕೂಟರು, ಬೋರ್‌ವೆಲ್ ಮೋಟಾರು, ಕೊನೆಗೆ ಹೆಂಡತಿಯ ಮಿಕ್ಸಿಗೂ ಪೂಜೆ ಮಾಡಿ ಶೆಡ್ಡಿಗೆ ಬಂದೆ. ಚಕ್ರ ಇದೆ, ಮೋಟಾರ್ ಇದೆ, ಇದೊಂದು ಬೋಳಾಗಿ ಕೂತಿರಬೇಕೆ? ಮುಟ್ಟಬೇಡಿ ಎಂದಿದ್ದು ನೆನಪಾಯಿತು. ಸಿಟ್ಟೂ ಬಂತು. ನನ್ನ ಶೆಡ್ಡಿನಲ್ಲಿ ನನಗೇ ಹೇಳುತ್ತಾರೆಯೇ? ಎರಡು ಕಣ್ಣುಗಳ ನಡುವೆ ಧಾರಾಳವಾಗಿ ಗಂಧ ಹಚ್ಚಿ ಕುಂಕುಮ ಇಟ್ಟೆ. ಆಮೇಲೆ ಮೊಮ್ಮಗ ಕೂಗಾಡುತ್ತಾನೆಂದು ಅಳುಕಿ ಒದ್ದೆ ಟವೆಲ್ಲಿನಿಂದ ಒರೆಸಿದೆ. ಒರೆಸಿದ್ದೇ ಅನಾಹುತವಾಯಿತು. ಗಂಧ ಕರಗಿ ಕೊಳವೆಗಳೊಳಗೆ ಇಳಿಯಿತು. ಇಳಿದದ್ದು ನನಗೆ ಕಾಣಿಸಿತ್ತು. ಏನಾಗುತ್ತದೆ, ಒಣಗುತ್ತದೆ ಎಂದುಕೊಂಡು ಬಟ್ಟೆ ಮುಚ್ಚಿದೆ.

ಸ್ಪರ್ಧೆ ಜೆ.ಪಿ. ನಗರದ ಒಂದು ಕಾಲೇಜಿನಲ್ಲಿ. ಸೀಟಿ ಊದಿದರು. ನಮ್ಮ ರೋಬೋ ಹಿಂದಕ್ಕೆ ಹೋಯಿತು. ತಂದು ನಿಲ್ಲಿಸಿದರು, ಮತ್ತೆ ಹಿಂದಕ್ಕೆ. ಎದುರಿಗೆ ಏನೂ ಇಲ್ಲ. ಅದು ಮಾತ್ರ ನಾಯಿಯನ್ನು ಕಂಡ ಬೆಕ್ಕಿನ ಹಾಗೆ ಹಿಂದೆ ಹಿಂದೆ ಸರಿಯುತ್ತಿತ್ತು. "ಗುರು, ಇವರ್ದು ರಿವರ್ಸ್ ಗೇರಲ್ಲೇ ಹುಟ್ಟಿದೆ!" ಎಂದು ಇನ್ನೊಂದು ತಂಡದವನು ಕೂಗಿದ. ಸಭಾಂಗಣವೆಲ್ಲ ನಕ್ಕಿತು.

ಕೋಚ್ ಕೊಳವೆ ಬಿಚ್ಚಿ ನೋಡಿದ. ಒಳಗೆ ಒಣಗಿದ ಹಳದಿ ಹೆಕ್ಕಳಿಕೆ.

"ಗಮ್ ಹಾಕಿದ್ಯಾ?" ಎಂದು ಹುಡುಗಿಯನ್ನು ಕೇಳಿದ.

"ಇಲ್ರಿ ಸರ್, ನಾ ಏನೂ ಹಚ್ಚಿಲ್ರಿ."

"ಮತ್ತೆ ತಾನಾಗೇ ಬಂತಾ? ಸೆನ್ಸರ್ ಯಾರ ಜವಾಬ್ದಾರಿ?"

"ಅವಳ್ದೇ ಸಾರ್" ಎಂದ ನನ್ನ ಮೊಮ್ಮಗ.

ಅವರ ಹಿಂದೆಯೇ ನಾನು ನಿಂತಿದ್ದೆ. ಬಾಯಿ ತೆರೆದೆ. ಹೊರಗೆ ಬಂದ ಮಾತೇನು ಗೊತ್ತೆ? "ಮೊದ್ಲು ಊಟ ಮಾಡ್ರಪ್ಪ, ಪುಳಿಯೋಗರೆ ತಂದಿದ್ದೀನಿ." ಅದನ್ನು ನೆನೆದರೆ ಇಂದಿಗೂ ನನ್ನ ಮೇಲೆ ನನಗೇ ರೇಗುತ್ತದೆ.

ಆ ವಾರವೇ ಕೋಚ್ ಅವಳನ್ನು ಕೈಬಿಟ್ಟು ಬೇರೊಬ್ಬ ಹುಡುಗನನ್ನು ಸೇರಿಸಿಕೊಂಡ. ಸಂಜೆ ನನ್ನ ಶೆಡ್ಡಿನಿಂದ ಕೂಗು ಕೇಳಿಬರುವಾಗ ಅವಳು ಮೇಲಿನ ಬಾಲ್ಕನಿಯಲ್ಲಿ ನಿಂತಿರುತ್ತಿದ್ದಳು. ಹೇಳಿಬಿಡೋಣವೆಂದು ಒಂದು ದಿನ ಮೆಟ್ಟಿಲು ಹತ್ತಿದೆ.

"ಬರ್ರಿ ಮಾಲಕರ, ಕೂಡ್ರಿ" ಎಂದರು ಅವಳ ತಂದೆ.

"ನೀರು ಸರಿಯಾಗಿ ಬರ್ತಿದೆಯಾ?" ಎಂದೆ ನಾನು.

ಹುಡುಗಿ ಕುಡಿಯಲು ನೀರು ತಂದುಕೊಟ್ಟು ಅಲ್ಲೇ ನಿಂತಳು. "ಅಜ್ಜಾರ, ಆ ಕಣ್ಣಾಗ ಇದ್ದದ್ದು ಗಮ್ ಅಲ್ರಿ. ಗಂಧದ ವಾಸನಿ ಬರ್ತಿತ್ರಿ."

"ಏ, ಸುಮ್ನಿರ ನೀ" ಎಂದರು ತಂದೆ. "ಮಾಲಕರ ಮುಂದ ಹಂಗ ಮಾತಾಡ್ತಾರೇನು?"

ಅವರಿಗೆ ತಿಳಿದಿತ್ತು. ಅವರು ನನ್ನ ಕಡೆ ನೋಡದೆ ಮಗಳ ಕಡೆಯೇ ನೋಡುತ್ತಿದ್ದರು. ನಾನು ಆ ನೀರನ್ನು ಪೂರ್ತಿ ಕುಡಿದು, ಲೋಟ ಕೆಳಗಿಟ್ಟು, ಮೆಟ್ಟಿಲಿಳಿದು ಬಂದೆ. ಸ್ವಲ್ಪ ದಿನಕ್ಕೆ ಅವರು ಮನೆ ಖಾಲಿ ಮಾಡಿ ತ್ಯಾಗರಾಜನಗರದ ಕಡೆ ಹೋದರು.

ಅವರು ಹೋದ ಮೇಲೆ ಹೇಳಿದೆ. ಹೇಳಿದ ರೀತಿಯಾದರೂ ನೆಟ್ಟಗಿತ್ತೆ? ಕೋಚಿಗೆ ಕಾಫಿ ಕೊಡುತ್ತ, ತಮಾಷೆಯ ಹಾಗೆ. "ಒಳ್ಳೇ ಕೆಲ್ಸ ಮಾಡಿದ್ರಿ ಅಂಕಲ್!" ಎಂದು ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. ಮೊಮ್ಮಗನೂ ನಕ್ಕ. ಹಾಗಾದರೆ ಅವಳನ್ನು ವಾಪಸ್ ಕರೆಯಬೇಕಲ್ಲ ಎಂದು ಅವರಲ್ಲಿ ಯಾರೂ ಹೇಳಲಿಲ್ಲ. ನಾನೂ ಹೇಳಲಿಲ್ಲ.

ಈಗ ಅದು ನಮ್ಮ ಮನೆಯ ನಗೆಕಥೆ. ಪ್ರತಿ ಆಯುಧಪೂಜೆಗೆ ಮೊಮ್ಮಗ ಅದನ್ನು ನೆಂಟರ ಮುಂದೆ ಹೇಳುತ್ತಾನೆ: ತಾತ, ಗಂಧ, ಹಿಂದಕ್ಕೆ ಓಡುವ ರೋಬೋ. ಅವನು ಹೇಳುವ ಕಥೆಯಲ್ಲಿ ಆ ಹುಡುಗಿ ಇಲ್ಲ. "ತಾಳೋ, ಅದ್ರಲ್ಲಿ ಇನ್ನೊಬ್ಳಿದ್ಳು" ಎಂದು ನಾನು ಪ್ರತಿ ಸಲ ಶುರುಮಾಡುತ್ತೇನೆ. ಅಷ್ಟರಲ್ಲಿ ಯಾರೋ ಬೂದುಗುಂಬಳಕಾಯಿ ಒಡೆಯಲು ಕರೆಯುತ್ತಾರೆ, ಎಲ್ಲರೂ ಎದ್ದು ಗೇಟಿಗೆ ಓಡುತ್ತಾರೆ. ಅವರ ಹಿಂದೆ ನಾನೂ ಹೋಗುತ್ತೇನೆ.