ಉರ್ದುವಿನಲ್ಲಿ ನಾನು ಬರೆದ ಮೊದಲ ಅರ್ಜಿ

ಉರ್ದು ಚೆನ್ನಾಗಿ ಬರೆಯುವುದು ಹೇಗೆ ಎಂದು ಯಾರಾದರೂ ನನ್ನನ್ನು ಕೇಳಲು ಬಂದರೆ ಈಗಲೂ ಮೈ ಉರಿಯುತ್ತದೆ. ಚೆನ್ನಾಗಿ ಬರೆದು ನಾನು ಯಾರನ್ನು ಉದ್ಧಾರ ಮಾಡಿದೆ ಎಂಬುದನ್ನು ಕಮಲಾಪುರದ ನಮ್ಮ ಮನೆಯವರನ್ನು ಕೇಳಬೇಕು.

ನಿಜಾಮರ ರಾಜ್ಯದಲ್ಲಿ ನಮ್ಮ ಮನೆಯ ಮಾತು ಕನ್ನಡ, ಕಚೇರಿಯ ಮಾತು ಉರ್ದು. ಮನೆಯಲ್ಲಿ ಒಬ್ಬರಿಗಾದರೂ ಅದು ಬರಲಿ ಎಂದು ಅಣ್ಣ ನನ್ನನ್ನು ಕಲಬುರ್ಗಿಯ ಒಬ್ಬ ಉಸ್ತಾದರ ಬಳಿ ಬಿಟ್ಟ. ತಾನು ಹೊಲ ಮಾಡಿಕೊಂಡು ನನ್ನನ್ನು ಓದಿಸಿದ. ಉಸ್ತಾದರು ಮರದ ಹಲಗೆಗೆ ಜೇಡಿಮಣ್ಣು ಬಳಿಸಿ, ಅದರ ಮೇಲೆ ಬಿದಿರಿನ ಲೇಖನಿಯಿಂದ ಬರೆಸುತ್ತಿದ್ದರು. ಒಂದು ಅಕ್ಷರ ಕೆಟ್ಟರೂ ತಿದ್ದುವಂತಿಲ್ಲ. ಇಡೀ ಹಲಗೆ ತೊಳೆದು, ಮತ್ತೆ ಮಣ್ಣು ಬಳಿದು, ಬಿಸಿಲಿಗೆ ಒಣಗಿಸಿ ಮೊದಲಿನಿಂದ ಬರೆಯಬೇಕು. ಮೂರು ವರ್ಷ ಹಲಗೆ ತೊಳೆದೆ. ಬರಹ ಸುಧಾರಿಸಿತು, ಅದರ ಜೊತೆ ಸೊಕ್ಕೂ ಬೆಳೆಯಿತು.

ಆಮೇಲೆ ಹೊಲದ ಬದುವಿನ ಜಗಳವೊಂದರಲ್ಲಿ ಎದುರಿನವನ ತಲೆ ಒಡೆದು ಅಣ್ಣನಿಗೆ ಜೇಲಾಯಿತು. ನಾನು ರಜೆಗೆಂದು ಊರಿಗೆ ಬಂದಿದ್ದೆ. ಜೇಲಿನಿಂದ ಬಿಡುಗಡೆಯಾದ ಮಹಾಗಾಂವದವನೊಬ್ಬ ಮನೆಗೆ ಬಂದು, ಅಣ್ಣನಿಗೆ ರಕ್ತಭೇದಿ ಹತ್ತಿದೆ, ಎದ್ದು ಕೂರಲೂ ಆಗುತ್ತಿಲ್ಲ ಎಂದ. ಕಲಬುರ್ಗಿ ಕಚೇರಿಯ ಸಾಹೇಬರಿಗೆ ಅರ್ಜಿ ಕೊಟ್ಟರೆ ಜಾಮೀನಿನ ಮೇಲೆ ಮನೆಗೆ ಬಿಡುತ್ತಾರೆ, ಹಾಗೆ ಒಬ್ಬನನ್ನು ಬಿಟ್ಟಿದ್ದನ್ನು ತಾನೇ ಕಂಡಿದ್ದೇನೆ ಎಂದೂ ಹೇಳಿದ.

ಅಣ್ಣನ ಹೆಂಡತಿ, ನನ್ನ ವೈನಿ, ಅಳುತ್ತ ಕೂರಲಿಲ್ಲ. ಕಚೇರಿಯ ಮುಂದೆ ಬೇವಿನ ಗಿಡದ ಕೆಳಗೆ ಅರ್ಜಿ ಬರೆದುಕೊಡುವವರು ಇರುತ್ತಾರಂತೆ, ನಾಳೆಯೇ ಹೋಗಿ ಬರೆಸಿ ಕೊಟ್ಟು ಬಾ ಎಂದಳು. ನನಗೆ ಕೆನ್ನೆಗೆ ಹೊಡೆದಂತಾಯಿತು.

"ನಾ ಇದ್ದು ಮಂದಿ ಕಡಿಂದ ಬರಸೂದೇನು ವೈನಿ? ಸಾಹೇಬ್ರು ಓದಿ ದಂಗಾಗಬೇಕು, ಹಂಗ ಬರೀತೀನಿ."

"ದಂಗಾಗೂದು ಬ್ಯಾಡ ತಮ್ಮಾ," ಎಂದಳು. "ಬಿಟ್ರ ಸಾಕು."

ಪಡಸಾಲೆಯಲ್ಲಿ ಕೂತೆ. ಅಣ್ಣನ ಹೆಸರು, ಊರು, ರಕ್ತಭೇದಿಯಾಗಿದೆ, ಜಾಮೀನಿನ ಮೇಲೆ ಬಿಡಬೇಕು: ಇಷ್ಟನ್ನು ಆಗಲೇ ಒಂದು ಹಾಳೆಯಲ್ಲಿ ಬರೆದೆ. ನೋಡಿದರೆ ಬೋಳುಬೋಳಾಗಿ ಕಂಡಿತು. ಇದನ್ನು ಯಾರಾದರೂ ಅರ್ಜಿ ಎಂದಾರೆಯೇ ಎನಿಸಿ ಅದನ್ನು ಬದಿಗಿಟ್ಟೆ. ಸಾಹೇಬರ ಬಿರುದುಗಳು, ಅವರ ನ್ಯಾಯದ ಹೊಗಳಿಕೆ, ಅವರ ನೆರಳು ಬಡವರ ಮೇಲೆ ಸದಾ ಇರಲಿ ಎಂಬ ಹಾರೈಕೆ, ಹೀಗೆ ನನಗೆ ಬರುತ್ತಿದ್ದ ಫಾರಸಿ ಮಾತುಗಳನ್ನೆಲ್ಲ ಸುರಿದೆ. ಒಂದು ಹಾಳೆಯಲ್ಲಿ ಮಸಿ ಹರಡಿತು. ಉಸ್ತಾದರ ಹಲಗೆ ನೆನಪಾಗಿ ಮೊದಲಿನಿಂದ ಶುರು ಮಾಡಿದೆ. ಇನ್ನೊಂದರಲ್ಲಿ ಸಾಲು ಸೊಟ್ಟಗಾಯಿತು. ವೈನಿ ಹೊಸ್ತಿಲಿಗೆ ಬಂದು ಆಯಿತೇ ಎಂದು ಕೇಳುವಳು, ನಾನು ಗದರುವೆ. ಎರಡು ದಿನ ಬಂಡಿಗೆ ಎತ್ತು ಹೂಡಿಸಿ, ಎರಡು ದಿನವೂ ಬಿಚ್ಚಿಸಿದಳು. ನಾಲ್ಕು ಹಾಳೆ ಬದಿಗೆ ಬಿದ್ದು, ಐದನೆಯದರಲ್ಲಿ ನನಗೆ ತೃಪ್ತಿಯಾಯಿತು. ಸುಳ್ಳೇಕೆ ಹೇಳಲಿ, ಬರೆಯುವಾಗ ನನಗೆ ಅಣ್ಣನ ನೆನಪೇ ಇರಲಿಲ್ಲ.

ಮೂರನೆಯ ದಿನ ಕಲಬುರ್ಗಿ ಮುಟ್ಟಿದವನು ನೆಟ್ಟಗೆ ಕಚೇರಿಗೆ ಹೋದೆನೇ? ಇಲ್ಲ. ಶಾಬಾಸ್ ಅನ್ನಿಸಿಕೊಳ್ಳಲು ಉಸ್ತಾದರ ಮನೆಗೆ ಹೋದೆ. ಓದುತ್ತ ಓದುತ್ತ ಅವರ ಮುಖ ಅರಳಿತು. ಎರಡನೆಯ ಪುಟದ ಕೊನೆಗೆ, ರಕ್ತಭೇದಿಯ ಮಾತಿಗೆ ಬಂದಾಗ ಕಪ್ಪಿಟ್ಟಿತು. ಈ ಸುದ್ದಿ ಎಂದು ಬಂತು ಎಂದು ಕೇಳಿದರು. ಹೇಳಿದೆ. ಅರ್ಜಿಯನ್ನು ನನ್ನ ಕೈಗೆ ತುರುಕಿ, "ಓಡು ಬೇಟಾ, ಓಡು," ಎಂದರು.

ಕಚೇರಿಯಲ್ಲಿ ಅರ್ಜಿ ಕೊಟ್ಟು ಜೇಲಿಗೆ ಹೋದೆ. ಅಣ್ಣ ಹಿಂದಿನ ದಿನ ಮಧ್ಯಾಹ್ನವೇ ಸತ್ತಿದ್ದ. ಮಣ್ಣು ಮಾಡಿ ಮುಗಿದಿತ್ತು. ಮುಖ ಕೂಡ ನೋಡಲು ಸಿಗಲಿಲ್ಲ.

ಎರಡು ತಿಂಗಳ ಮೇಲೆ ಕಚೇರಿಯಿಂದ ನನಗೆ ಕರೆ ಬಂತು. ಅರ್ಜಿಯ ಅಂಚಿನಲ್ಲಿ ಸಾಹೇಬರು ಕೆಂಪು ಮಸಿಯಲ್ಲಿ ಬರೆದಿದ್ದರು: ಕೈದಿ ತೀರಿಕೊಂಡಿದ್ದಾನೆ, ಬರೆದವನ ಭಾಷೆ, ಕೈಬರಹ ಎರಡೂ ಸೊಗಸಾಗಿವೆ. ನಕಲು ಬರೆಯುವ ನೌಕರಿ ಕೊಟ್ಟರು. ಥೂ, ಬೇಡ ಎನ್ನಬೇಕಿತ್ತು. ಎನ್ನಲಿಲ್ಲ. ಮುಪ್ಪಾಗುವವರೆಗೆ ಅದೇ ಅನ್ನ ಉಂಡೆ.

ನೌಕರಿಯ ಸುದ್ದಿ ಹೇಳಿದ ದಿನ ವೈನಿ ಒಳಗೆ ಹೋಗಿ, ನಾನು ಬದಿಗೆಸೆದಿದ್ದ ನಾಲ್ಕೂ ಹಾಳೆ ತಂದಳು. ತನ್ನ ಸೀರೆಗಳ ನಡುವೆ ಜೋಪಾನ ಮಾಡಿದ್ದಳು. ಅವಳಿಗೆ ಓದು ಬಾರದು. ನಿಮ್ಮಣ್ಣನಿಗೆ ಜಡ್ಡಾದ ಮಾತು ಇದರಲ್ಲಿ ಎಲ್ಲಿದೆ, ತೋರಿಸು ಎಂದಳು. ತುಂಬಿದ ಹಾಳೆಗಳಲ್ಲಿ ಹುಡುಕುವುದು ಬೇಡವೆಂದು, ಮೊದಲು ಬರೆದ ಬೋಳು ಹಾಳೆಯನ್ನೇ ಮುಂದಿಟ್ಟು ಓದಿ ಹೇಳಿದೆ.

ಅವಳು ಅದನ್ನು ಬೆಳಕಿಗೆ ಹಿಡಿದಳು. ಹಿಂದೆ ಮುಂದೆ ತಿರುಗಿಸಿ ನೋಡಿದಳು.

"ಇದಕ್ಕೇನಾಗಿತ್ತು ತಮ್ಮಾ?" ಎಂದು ಕೇಳಿದಳು.

ಆ ಹಾಳೆಗೆ ಏನೂ ಆಗಿರಲಿಲ್ಲ.