ಹಂದಿ ಕಾಯುವ ಹುಲಿ

ಹೋದ ವರ್ಷ ಹಂದಿಗಳು ಕಬ್ಬಿಗೆ ನುಗ್ಗದಿರಲೆಂದು ಮದ್ದೂರಿನಿಂದ ಒಂದು ಹುಲಿ ಬೊಂಬೆ ತಂದು, ಬೆಸಗರಹಳ್ಳಿಯ ನಮ್ಮ ಗದ್ದೆಯ ಬದುವಿನ ಮೇಲೆ ಕೂರಿಸಿದ್ದೆ. ಮಕ್ಕಳು ತಬ್ಬಿಕೊಂಡು ಮಲಗುವಂಥ ಮೆತ್ತನೆಯ ಬೊಂಬೆ. ಊರವರೆಲ್ಲ ನಕ್ಕರು. ಹಂದಿಗಳಂತೂ ಆ ಸಲ ಇತ್ತ ಸುಳಿಯಲೇ ಇಲ್ಲ. ಎಲ್ಲ ಬೊಂಬೆಯ ಪ್ರತಾಪವೆಂದು ನಾನು ಬೀಗಿದೆ.

ಕಬ್ಬನ್ನು ಒಂದೇ ಕಡೆಯಿಂದ ಕಡಿಯುತ್ತ ಹೋಗುವುದು ನಮ್ಮಲ್ಲಿ ರೂಢಿ. ಒಳಗೆ ಸೇರಿಕೊಂಡ ಪ್ರಾಣಿ ಇನ್ನೊಂದು ಕಡೆಯಿಂದ ಓಡಿಹೋಗಲಿ ಅಂತ. ಆದರೆ ಕಟಾವಿನ ದಿನ ಲಾರಿ ಬೇಗನೆ ಬಂದು ನಿಂತಿತ್ತು. ನಾಲ್ಕೂ ಕಡೆಯಿಂದ ಕಡಿಯಿರಿ ಎಂದು ಆಳುಗಳ ಮೇಲೆ ರೇಗಿದೆ. ಮಧ್ಯಾಹ್ನದ ಹೊತ್ತಿಗೆ ಗದ್ದೆಯ ನಡುವೆ ಒಂದು ಕೋಣೆಯಷ್ಟು ಕಬ್ಬು ಉಳಿಯಿತು.

ಕಡಿಯುತ್ತಿದ್ದ ಹೆಂಗಸೊಬ್ಬಳು ಬಗ್ಗಿ ನೋಡಿ, "ನಿಮ್ ಉಲಿ ಬೊಂಬೆ ಇಲ್ಲೇ ಬಿದ್ದದೆ ಕಣಮ್ಮ, ಎತ್ಕೊಡ್ಲಾ?" ಎಂದಳು.

"ಬುಡು, ನಾನೇ ಎತ್ಕೋತೀನಿ" ಎಂದು ಗರಿ ಸರಿಸಿದೆ. ಹಳದಿ ಬೆನ್ನು ಕಂಡಿತು. ಕೈ ಚಾಚುವಾಗ ನೆನಪಾಯಿತು. ಕೊಳೆಯಾಗಿದೆಯೆಂದು ಬೊಂಬೆಯನ್ನು ಬೆಳಿಗ್ಗೆ ನಾನೇ ತೊಳೆದು, ಪಂಪ್‌ಸೆಟ್ ಮನೆಯ ಮೇಲೆ ಒಣಗಲು ಹಾಕಿದ್ದೆ.

ಒಳಗಿರುವುದು ಓಡಿಹೋಗಲು ನಾನು ಒಂದು ದಾರಿಯನ್ನೂ ಬಿಟ್ಟಿರಲಿಲ್ಲ.