ಅಲ್ಲವೋ, ಆಲಾವೋ

ನನ್ನ ಮನೆಯಲ್ಲಿ ಫೋನು ಎರಡು ಕಡೆ ಇತ್ತು, ತಂತಿ ಮಾತ್ರ ಒಂದೇ. ಕೆಳಗೆ ಬೀದಿಗೆ ಮುಖ ಮಾಡಿದ ಕೋಣೆಯಲ್ಲಿ ಒಂದು, ಮೇಲೆ ನನ್ನ ಮಂಚದ ಪಕ್ಕ ಇನ್ನೊಂದು. ಕೆಳಗಿನ ಕೋಣೆಯನ್ನು ಒಬ್ಬ ತರುಣನಿಗೆ ಸೈಬರ್ ಕೆಫೆ ನಡೆಸಲು ಬಾಡಿಗೆಗೆ ಕೊಟ್ಟಿದ್ದೆ. ಅವನ ಹೆಸರಿಗೆ ಫೋನು ಇನ್ನೂ ಮಂಜೂರಾಗಿರಲಿಲ್ಲ. ಅದು ಬರುವವರೆಗೆ ನನ್ನ ತಂತಿಯಿಂದಲೇ ಇಂಟರ್ನೆಟ್ ನಡೆಯಲಿ ಎಂದು ಒಪ್ಪಿದ್ದೆ. ಒಪ್ಪುವಾಗಲೇ ನಿಯಮ ಹಾಕಿದ್ದೂ ನಾನೇ. ಕೆಫೆ ತೆರೆದಿರುವಾಗ ಮೇಲಿನ ರಿಸೀವರ್ ಯಾರೂ ಎತ್ತಬಾರದು. ಎತ್ತಿದರೆ ಕೆಳಗಿನ ಸಂಪರ್ಕ ಕಡಿದುಹೋಗುತ್ತದೆ. ನನಗೆ ಫೋನು ಮಾಡುವವರೆಲ್ಲ ಬೆಳಿಗ್ಗೆ ಕೆಫೆಯ ಬಾಗಿಲು ತೆರೆಯುವ ಮೊದಲೇ ಮಾಡಬೇಕು. ಆಸ್ಪತ್ರೆಯಲ್ಲಿ ಸಿಸ್ಟರ್ ಆಗಿ ನಿವೃತ್ತಳಾದವಳು ನಾನು. ನಿಯಮ ಬರೆದು ಗೋಡೆಗೆ ಅಂಟಿಸಿದರೆ ಅದು ಮೊದಲು ಅಂಟಿಸಿದವಳಿಗೇ ಅನ್ವಯಿಸುತ್ತದೆ ಎಂದು ನಂಬಿದವಳು.

ತಂಗಿಯ ಮಗಳು ಪುಣೆಯಲ್ಲಿ ಕಂಪ್ಯೂಟರ್ ಆಟ ತಯಾರಿಸುವ ಒಂದು ಸಣ್ಣ ಕಂಪನಿಯಲ್ಲಿದ್ದಳು. ಅವಳ ತಂದೆತಾಯಿ ಖಾನಾಪುರದವರು, ಆದರೆ ಕಾಲೇಜು ಪೂರ್ತಿ ಅವಳು ಬೆಳಗಾವಿಯ ಸದಾಶಿವನಗರದ ನನ್ನ ಮನೆಯಲ್ಲಿದ್ದು ಓದಿದಳು. ಕಂಪನಿಯಲ್ಲಿ ಅವಳದು ಸದ್ದಿನ ಕೆಲಸ. ಬಾಗಿಲು ಕಿರುಗುಟ್ಟುವುದು, ಹೆಜ್ಜೆ, ಗಾಳಿ, ಮಾತು ಎಲ್ಲ ಅವಳೇ ಹೊಂದಿಸಬೇಕು. ಆ ಕಂಪನಿಯ ಹಿಂದಿನ ಆಟವೊಂದು ಸಿಡಿಯಿಂದ ಸಿಡಿಗೆ ನಕಲಾಗಿ ನಮ್ಮೂರ ಇಂಜಿನಿಯರಿಂಗ್ ಹುಡುಗರ ಹಾಸ್ಟೆಲುಗಳನ್ನೆಲ್ಲ ಹೊಕ್ಕಿತ್ತು. ಈಗ ತಯಾರಾಗುತ್ತಿದ್ದುದು ಅಂತರಿಕ್ಷದ ಕಥೆ. ಅದು ಯಾವಾಗ ಬರುತ್ತದೆ ಎಂದು ಕೆಫೆಗೆ ಬರುವವರೆಲ್ಲ ಕಾಯುತ್ತಿದ್ದರು.

ಒಮ್ಮೆ ರಜೆಗೆ ಬಂದಾಗ ಅವಳು ಆ ಆಟದ ಮೊದಲ ಭಾಗವನ್ನು ಸಿಡಿಯಲ್ಲಿ ತಂದಿದ್ದಳು. ಕೆಫೆಯವನು ಊಟಕ್ಕೆ ಹೋದ ಹೊತ್ತು ನೋಡಿ ನನ್ನನ್ನು ಕೆಳಗೆ ಕರೆದಳು. ಸಿಡಿ ನಿಂತು ನಿಂತು ಓಡತೊಡಗಿತು. "ತಡೀ ದೊಡ್ಡವ್ವ, ಮಷಿನಿನ್ಯಾಗ ಹಾಕ್ಕೊಂಡು ತೋರಸ್ತೀನಿ" ಎಂದಳು. ಸಿಡಿಯಲ್ಲಿದ್ದುದನ್ನು ಕಂಪ್ಯೂಟರಿಗೆ ನಕಲು ಮಾಡಿಕೊಂಡು ತೋರಿಸಿದಳು.

ಕಪ್ಪು ಆಕಾಶ. ಅದರಲ್ಲೊಂದು ಹಡಗು, ಒಳಗೆ ಯಾರೂ ಇಲ್ಲ. ಉದ್ದನೆಯ ಓಣಿಯಂಥ ಜಾಗದಲ್ಲಿ ಸಾಲಾಗಿ ಮಂಚಗಳು, ಬಿಳಿ ಚಾದರ. ಚಾದರದ ಮೂಲೆಗಳನ್ನು ನನ್ನ ವಾರ್ಡಿನಲ್ಲಿ ಮಡಚುವ ಹಾಗೆಯೇ ಮಡಚಿದ್ದರು, ಒಂದರದು ಮಾತ್ರ ಕೆದರಿತ್ತು. ದೂರದಲ್ಲಿ ಏನೋ ದೊಡ್ಡದಾಗಿ ಮೊರೆಯುತ್ತಿತ್ತು. ಕೊನೆಗೆ ಒಂದು ಬಾಗಿಲು ಸರಿಯಿತು. ಆಚೆ ಒಂದು ಆಕಾರ ನಿಂತಿತ್ತು. ಆಗ ಒಂದು ಹೆಂಗಸಿನ ದನಿ, ಕೊಡದೊಳಗಿಂದ ಬಂದಂತೆ, ಒಂದೇ ಒಂದು ಪದ ಹೇಳಿತು. ಪರದೆ ಕಪ್ಪಾಯಿತು.

"ಯಾರ ದನಿ ಹೇಳು" ಎಂದು ಕೇಳಿದಳು.

ನನಗೆ ಗೊತ್ತಾಗಲಿಲ್ಲ. ಅವಳು ನಕ್ಕು ಹೇಳಿದಳು, ಅದು ನನ್ನದೇ. ಹಿಂದಿನ ಹಬ್ಬಕ್ಕೆ ಖಾನಾಪುರದಲ್ಲಿ ತಂಗಿಯ ಮನೆಯ ಕಟ್ಟೆಯ ಮೇಲೆ ಕೂತು ಅವಳು ಹಂಚಿನ ಕಾರ್ಖಾನೆಯ ಭೋಂಗಾದ, ಅಂದರೆ ಸೈರನ್ನಿನ, ಸದ್ದನ್ನು ರೆಕಾರ್ಡ್ ಮಾಡಿಕೊಳ್ಳುತ್ತಿದ್ದಳು. ಅದೇ ಈ ಹಡಗಿನ ಮೊರೆತವಾಗಿತ್ತು. ನಾವು ರೈಲಿಗೆ ಬರಲಿದ್ದ ಅವಳ ಅಪ್ಪನ ದಾರಿ ನೋಡುತ್ತಿದ್ದೆವು. ಸ್ಟೇಷನ್ ರಸ್ತೆಯಲ್ಲಿ ಯಾರೋ ಕಂಡರು. ಪಕ್ಕದ ಮನೆಯ ಹೆಂಗಸು, ನಾವು ಕಾಕು ಎಂದು ಕರೆಯುವ ಮರಾಠಿಯವರು, "ಆಲಾ!" ಎಂದರು, ಬಂದ ಎಂದು. ನಾನು ಕಣ್ಣು ಕಿರಿದು ಮಾಡಿ ನೋಡಿ, "ಅಲ್ಲ" ಎಂದೆ. ಬಂದವನು ಬೇರೆ ಯಾರೋ ಆಗಿದ್ದ. ನನ್ನ ಆ ಪದವನ್ನೇ ಕತ್ತರಿಸಿ ಇಟ್ಟುಕೊಂಡಿದ್ದಳು.

ಅವಳು ಪುಣೆಗೆ ಹೋದಳು. ಮಷಿನಿನೊಳಗೆ ಹಾಕಿದ್ದನ್ನು ಅಳಿಸಲು ಮರೆತಿದ್ದಳು.

ಅದನ್ನು ಮೊದಲು ಕಂಡವಳು ದೇಸೂರಿನ ಹುಡುಗಿ. ದಿನಾ ರೈಲಿನಲ್ಲಿ ಬೆಳಗಾವಿಗೆ ಬಂದು ಇಂಜಿನಿಯರಿಂಗ್ ಓದುತ್ತಿದ್ದವಳು, ಎಲ್ಲವನ್ನೂ ತೆರೆದು ನೋಡುವ ಸ್ವಭಾವ. ಅವಳ ಜೋಡಿ ಖಾನಾಪುರದ ಒಬ್ಬ ಮರಾಠಿ ಹುಡುಗ ಬರುತ್ತಿದ್ದ, ಅವಳದೇ ತರಗತಿ, ಅವಳು ಹೌದೆಂದದ್ದಕ್ಕೆ ಅಲ್ಲ ಎನ್ನುವುದೇ ಅವನ ಉದ್ಯೋಗ. ಇಬ್ಬರೂ ಅದನ್ನು ಸಿಡಿಗೆ ನಕಲು ಮಾಡಿಕೊಂಡರು. ಹಾಸ್ಟೆಲಿನ ಯಾರೋ ಪುಣೆಗೆ ಒಯ್ದರು. ಇಂಟರ್ನೆಟ್ಟಿನಲ್ಲಿ ಆ ಕಂಪನಿಯ ಆಟಗಳ ಅಭಿಮಾನಿಗಳು ಮಾತಾಡಿಕೊಳ್ಳುವ ಒಂದು ಪುಟವಿತ್ತು, ಅವರು ಅದನ್ನು ಬೋರ್ಡು ಎನ್ನುತ್ತಿದ್ದರು. ಸೋರಿದ ಆರಂಭ ಅಲ್ಲಿಗೂ ತಲುಪಿತು. ಎಲ್ಲಿಂದ ಸೋರಿತು ಎಂದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಆಮೇಲಿನ ದಿನಗಳಲ್ಲಿ ನನ್ನ ಮುಂದಿನ ಕೋಣೆಯಲ್ಲಿ ಬೇರೆ ಮಾತೇ ಇರಲಿಲ್ಲ. ನಾನು ಮೆಟ್ಟಿಲ ಮೇಲೆ ಕೂತು ಸೊಪ್ಪು ಸೋಸುತ್ತ ಎಲ್ಲ ಕೇಳುತ್ತಿದ್ದೆ.

"ಒಂದ್ ಮಂಚದ ಚಾದರ ಕೆದರೇತಿ. ಅಂದ್ರ ಯಾರೋ ಈಗಷ್ಟ ಎದ್ದು ಹೋಗ್ಯಾರ" ಎಂದಳು ಹುಡುಗಿ.

"ಇಲ್ಲಾ ಮುಂಜಾನಿ ನಿನ್ನಂಗ ಹಾಸಿಗಿ ಮಡಚದ ರೈಲು ಹಿಡದಾರ" ಎಂದ ಹುಡುಗ.

"ಸುಮ್ಮ ಕುಂದರು. ಬಾಗಲಾಚೆ ನಿಂತಾಂವ ಅಂವಾ ಅಲ್ಲ. ಅದಕ್ಕ ಅಕಿ 'ಅಲ್ಲ' ಅಂತಾಳ. ಎದ್ದು ಹೋದಾಂವ ಒಬ್ಬ, ತಿರುಗಿ ಬಂದಾಂವ ಇನ್ನೊಬ್ಬ. ಕಥಿ ಎಲ್ಲಾ ಅಲ್ಲೇ ಐತಿ."

"ಅಲ್ಲ ಅಲ್ಲ, 'ಆಲಾ'. ಪುಣೇದ ಆಟ ಅದು, ಮರಾಠಿ. ಆಲಾ! ಬಂದ! ಇಷ್ಟ ದಿನ ಕಾದಾಕಿ, ಅಂವ ಬಂದ. ಬೋರ್ಡಿನ್ಯಾಗ ಎಲ್ಲಾರೂ ಅದನ್ನ ಅನ್ನಾಕತ್ತಾರ."

"ಎಲ್ಲಾರೂ ಅಂದ್ರ ಖರೇ ಆಕ್ಕೇತೇನು? ಆಲಾ ಅನ್ನಾಕ ಬಾಯಿ ಅಗಲ ತೆಗೀಬೇಕು. ಇಕಿ ನಾಲಿಗಿ ಒತ್ತಿ ಅಂದಾಳ. ಎರಡ ಲ ಅದಾವು ಅದರಾಗ."

"ಎರಡ ಲ ನಿನ್ನ ಕಿವಿಯೊಳಗ ಅದಾವು."

ನನಗೆ ನಗು ಬರುತ್ತಿತ್ತು. ಅವರಿಬ್ಬರೂ ಒಮ್ಮೆ ಮೆಟ್ಟಿಲ ಕಡೆ ತಿರುಗಿ ನನ್ನನ್ನೇ ಪಂಚರನ್ನಾಗಿ ಮಾಡಲು ನೋಡಿದರು. "ಮಾವಶಿ, ತುಮ್ಹೀ ಸಾಂಗಾ!" ನೀವೇ ಹೇಳಿ ಎಂದ ಹುಡುಗ. "ಬಾಯಾರ, ನಿಮಗ ಎರಡೂ ಭಾಷಾ ಬರ್ತಾವು, ನೀವ ಹೇಳ್ರಿ" ಎಂದಳು ಹುಡುಗಿ. ಸೊಪ್ಪು ಕೆಟ್ಟು ಹೋಗುತ್ತದೆ ಎಂದು ಎದ್ದು ಮೇಲೆ ಹೋದೆ.

ನಗು ಒಂದು ಗುರುವಾರದ ಬೆಳಿಗ್ಗೆ ನಿಂತಿತು. ಕೆಫೆ ತೆರೆಯುವ ಮೊದಲು ಪುಣೆಯಿಂದ ಫೋನು ಬಂತು. ಮಾತಾಡಿದವಳು ತಂಗಿಯ ಮಗಳು. ಕಂಪನಿಯ ಯಜಮಾನರು ಬೋರ್ಡು ನೋಡಿದ್ದಾರೆ. ಸೋರಿಸಿದವರನ್ನು ಕೆಲಸದಿಂದ ತೆಗೆಯುತ್ತೇವೆ ಎಂದು ಹೇಳಿದ್ದಾರೆ. ಶನಿವಾರ ಎಲ್ಲರನ್ನೂ ಕೂರಿಸಿ ಕೇಳುತ್ತಾರೆ.

"ನನಗ ನೆನಪಾತು ದೊಡ್ಡವ್ವ. ನಿಮ್ಮ ಮಷಿನಿನ್ಯಾಗ ಬಿಟ್ಟು ಬಂದೀನಿ."

"ಈಗ ಹೇಳಿಬಿಡು ಹಂಗಾರ."

"ಹೇಳ್ತೀನಿ. ನಾನ ಹೇಳ್ತೀನಿ. ಅವ್ರು ಮುಂಬೈಕ್ಕ ಹೋಗ್ಯಾರ, ಶನಿವಾರ ಬರ್ತಾರ. ಎದುರಿಗೆ ನಿಂತು ಹೇಳಬೇಕು, ಫೋನಿನ್ಯಾಗ ಅಲ್ಲ. ನಾನಾಗಿ ಹೇಳಿದ್ರ ಅದು ಮರೆವು. ಅದಕ್ಕಿಂತ ಮೊದ್ಲ ಅವ್ರಿಗೆ ಬ್ಯಾರೆ ಕಡೆಯಿಂದ ಗೊತ್ತಾದ್ರ ನಾ ಕಳ್ಳಿ."

"ಹೆಂಗ ಗೊತ್ತಾಗ್ತದ?"

"ಇಲ್ಲಿ ಎಲ್ಲಾರೂ ಅದನ್ನ ಆಲಾ ಅಂತನ ಕೇಳ್ತಾರ, ಯಜಮಾನರೂ ಸೈತ. ನಾನೂ ತಿದ್ದಲಿಲ್ಲ. ಅದು ಅಲ್ಲ ಅಂತ ಕೇಳಬೇಕಂದ್ರ ಕಿವಿ ನಮ್ಮ ಕಡೀದಿರಬೇಕು. ಬೋರ್ಡಿನ್ಯಾಗ ಯಾರರೆ ಅದು ಕನ್ನಡ ಅಂತ ಬರದ್ರ, ಸೋರಿದ್ದು ಬೆಳಗಾವಿ ಬಾಜು ಅಂತ ಅವ್ರಿಗೆ ತಿಳೀತದ. ಕಂಪನ್ಯಾಗ ಆ ಕಡೆಯಾಕಿ ನಾ ಒಬ್ಬಾಕಿನ."

ಫೋನು ಇಟ್ಟು ಕೆಳಗೆ ಹೋದೆ. ಕೆಫೆಯವನು ಬಂದ ಕೂಡಲೇ ಆ ಫೈಲನ್ನು ಅಳಿಸಿಸಿದೆ. ಅಳಿಸಿದರೆ ಏನು ಬಂತು? ಅದು ಆಗಲೇ ಹತ್ತು ಕೈ ದಾಟಿತ್ತು. ಉಳಿದದ್ದು ಒಂದೇ ಕೆಲಸ, ದೇಸೂರಿನ ಹುಡುಗಿಯ ಬಾಯಿ ಕಟ್ಟುವುದು. ಇಷ್ಟು ದಿನ ಅವಳು ಬೋರ್ಡಿನಲ್ಲಿ ಏನೂ ಬರೆದಿರಲಿಲ್ಲ, ಓದುತ್ತಿದ್ದಳು ಅಷ್ಟೇ. ಶನಿವಾರದವರೆಗೆ ಹಾಗೆಯೇ ಇದ್ದರೆ ಸಾಕಿತ್ತು. ನಾನಾಗಿ ಕೇಳಿಕೊಂಡರೆ ಇನ್ನೂ ನಾಲ್ಕು ಮಂದಿಗೆ ಗೊತ್ತಾಗುತ್ತದೆ, ಕೇಳದಿದ್ದರೆ ಅವಳು ಯಾವ ಗಳಿಗೆಯಲ್ಲಾದರೂ ಬರೆಯಬಹುದು. ಮಧ್ಯಾಹ್ನದವರೆಗೂ ತೀರ್ಮಾನವಾಗಲಿಲ್ಲ. ವಾರ್ಡಿನಲ್ಲಿ ಡಾಕ್ಟರ್ ಬರುವವರೆಗೆ ಪೇಷಂಟಿನ ಪಕ್ಕ ಕೂತು ಉಸಿರು ನೋಡುತ್ತಿರುವ ಕೆಲಸ ಎಷ್ಟೋ ಸಲ ಮಾಡಿದ್ದೆ. ಆದರೆ ಅಲ್ಲಿ ಕೈಗೆ ಮಾಡಲು ಏನಾದರೂ ಇರುತ್ತಿತ್ತು.

ಸಂಜೆ ಕಾಲೇಜು ಬಿಟ್ಟು ಇಬ್ಬರೂ ಬಂದರು. ನಾನು ಅಂದು ಸೊಪ್ಪಿಲ್ಲದೆಯೇ ಮೆಟ್ಟಿಲ ಮೇಲೆ ಕೂತೆ.

ಹುಡುಗಿ ಬೋರ್ಡು ತೆರೆದು ಓದಿದಳು. ಓದುತ್ತ ಅವಳ ಬೆನ್ನು ನೆಟ್ಟಗಾಯಿತು. "ಇಲ್ ನೋಡು. ಪುಣೇದಾಂವ ಒಬ್ಬ ಏನ್ ಬರದಾನ. ಆಲಾ ಅಂತ ಕೇಳಸಲಾರದವರಿಗೆ ಕಿವಿ ತೊಳಸ್ರಿ ಅಂತ."

"ಬರೋಬ್ಬರಿ ಐತಿ" ಎಂದ ಹುಡುಗ.

"ಬರೋಬ್ಬರಿ ಐತೇನು? ಇವತ್ತ ತೋರಸ್ತೀನಿ."

ಅವಳು ಟಕಟಕ ಒತ್ತತೊಡಗಿದಳು. ಒತ್ತುತ್ತಲೇ ಗಟ್ಟಿಯಾಗಿ ಹೇಳುತ್ತಿದ್ದಳು. ಇದು ಮರಾಠಿ ಅಲ್ಲ, ಕನ್ನಡ. ಬೆಳಗಾವಿ ಕಡೆಯ ಹೆಂಗಸಿನ ಉಚ್ಚಾರ. ಈ ಆರಂಭವನ್ನು ನಾವು ಬೆಳಗಾವಿಯಲ್ಲಿ ನಿಮಗಿಂತ ಮೊದಲೇ ನೋಡಿದ್ದೇವೆ.

"ಅದನ್ನೂ ಹಾಕ್ತೀ?" ಎಂದ ಹುಡುಗ.

"ಯಾಕ ಹಾಕಬಾರ್ದು? ಖರೇ ಐತೆಲ್ಲ."

ಬಾಯಿ ತೆರೆದರೆ ಏನು ಹೇಳಲಿ? ಬೇಡ ಎಂದರೆ ಯಾಕೆ ಎಂದು ಕೇಳುತ್ತಾಳೆ, ಉತ್ತರ ಸಿಗುವ ಮೊದಲೇ ಬೆರಳು ಒತ್ತುತ್ತದೆ. ಅವಳ ಸ್ವಭಾವವೇ ಹಾಗೆ.

"ಆತು. ಕಳಸ್ತೀನಿ ನೋಡು" ಎಂದಳು.

ನಾನು ಎದ್ದು ಮೇಲೆ ಓಡಿದೆ. ಓಡಿದೆ ಎಂದೇ ಹೇಳಬೇಕು. ಮೆಟ್ಟಿಲಲ್ಲಿ ಓಡಬೇಡಿ ಎಂದು ಕೈಕೆಳಗಿನ ಹುಡುಗಿಯರಿಗೆ ಆಯುಷ್ಯವೆಲ್ಲ ಬೈದವಳು ಸೀರೆ ಎತ್ತಿ ಹಿಡಿದು ಓಡಿದೆ. ಮಂಚದ ಪಕ್ಕದ ರಿಸೀವರ್ ಎತ್ತಿದೆ. ಕಿವಿಯಲ್ಲಿ ಇಂಟರ್ನೆಟ್ಟಿನ ಆ ಕೀಚು ಸದ್ದು ಕೇಳಿತು, ಮರುಕ್ಷಣ ಮುರಿಯಿತು. ಹಿಡಿದೇ ನಿಂತೆ. ಹೋಗಿತ್ತೋ ಇಲ್ಲವೋ ತಿಳಿಯಲಿಲ್ಲ.

ಕೆಳಗಿಂದ ಹುಡುಗಿಯ ದನಿ ಬಂತು. "ಅಯ್ಯ! ಲೈನ್ ಹೋತು! ಯಾರ ಫೋನ್ ಎತ್ತಿದವ್ರು?"

"ಗೋಡಿ ಮ್ಯಾಲ ಬರದದ್ದು ಓದಾಕ ಬರೂದಿಲ್ಲೇನು ಜನಕ್ಕ!" ಎಂದ ಹುಡುಗ.

ರಿಸೀವರನ್ನು ಮಂಚದ ಮೇಲೆಯೇ ಬಿಟ್ಟು ಕೆಳಗಿಳಿದೆ. "ಎತ್ತಿದಾಕಿ ನಾನ" ಎಂದೆ. "ಹೋತೇನು ನೀ ಬರದದ್ದು?"

ಹುಡುಗಿ ಪರದೆ ನೋಡಿದಳು, ನನ್ನನ್ನು ನೋಡಿದಳು. "ಇಲ್ರಿ. ಕಳಸೂದ್ರಾಗ ಕಡೀತು. ಬರದದ್ದು ಎಲ್ಲಾ ಹಂಗ ಐತಿ. ಮತ್ತ ಲೈನ್ ಸಿಕ್ಕ ಕೂಡ್ಲೆ..."

"ಲೈನ್ ಸಿಗೂದಿಲ್ಲ. ಮ್ಯಾಲ ಫೋನ್ ಎತ್ತಿಟ್ಟು ಬಂದೀನಿ. ಇಬ್ರೂ ಈ ಕಡೆ ತಿರಗ್ರಿ."

ಹೇಳಿದೆ. ಸುತ್ತು ಬಳಸದೆ ಹೇಳಿದೆ. ಆ ದನಿ ನನ್ನದು. ಪದ 'ಅಲ್ಲ'. ನೀನು ಗೆದ್ದೆ. ಆದರೆ ನೀನು ಗೆದ್ದೆ ಎಂದು ಶನಿವಾರಕ್ಕಿಂತ ಮೊದಲು ಪುಣೆಯಲ್ಲಿ ಗೊತ್ತಾದರೆ ಆ ಕಂಪನಿಯಲ್ಲಿರುವ ನನ್ನ ತಂಗಿಯ ಮಗಳ ಕೆಲಸ ಹೋಗುತ್ತದೆ, ಕಳ್ಳಿ ಎಂಬ ಹೆಸರಿನ ಸಮೇತ. ಅವಳು ತಾನೇ ಹೇಳುವವಳಿದ್ದಾಳೆ. ಹೇಳುವ ಹೊತ್ತು ಅವಳಿಗೆ ಉಳಿಯಬೇಕು.

ಕೆಫೆಯವನು ಕುರ್ಚಿಯಿಂದ ಅರ್ಧ ಎದ್ದು ಹಾಗೆಯೇ ನಿಂತಿದ್ದ. ಹುಡುಗಿ ಮೆಲ್ಲಗೆ ಕೇಳಿದಳು, "ಬಾಯಾರ, ಒಮ್ಮೆ ಅನ್ರಿ."

"ಏನನ್ನಲಿ?"

"ಅದನ್ನ."

"ಅಲ್ಲ" ಎಂದೆ.

ಅವಳು ಕಣ್ಣು ಮುಚ್ಚಿ ಕೇಳಿಸಿಕೊಂಡಳು. ಆಮೇಲೆ ಹುಡುಗನ ಕಡೆ ತಿರುಗಿ, "ಕೇಳಿದೇನು? ಎರಡ ಲ" ಎಂದಳು. ತಿರುಗಿ ಪರದೆಯ ಮೇಲಿನ ಸಾಲುಗಳನ್ನು ಕೆಳಗಿಂದ ಮೇಲಕ್ಕೆ ಒಂದೊಂದಾಗಿ ಅಳಿಸಿದಳು. ಪೂರ್ತಿ ಖಾಲಿಯಾದ ಮೇಲೂ ಆ ಗುಂಡಿಯನ್ನು ಒತ್ತುತ್ತಲೇ ಇದ್ದಳು.

"ಹಾಸ್ಟೆಲಿನವ್ರು?" ಎಂದು ಕೇಳಿದೆ. ನನಗಿದ್ದ ಇನ್ನೊಂದು ಭಯ ಅದು.

"ಅಲ್ಲೂ ಕೆಲವ್ರು ಅಲ್ಲ ಅನ್ನಾವ್ರು ಅದಾರ್ರಿ" ಎಂದಳು. "ನಾನ ಅವ್ರಿಗೆ ತಲಿಯೊಳಗ ತುಂಬೀನಿ."

"ತಗೀಬೇಕಲ್ಲ ಹಂಗಾರ" ಎಂದ ಹುಡುಗ. ಅವನ ಮುಖದಲ್ಲಿ ನಗು ಹೊರಳಿತು. "ನೀ ಹಾಸ್ಟೆಲಿಗೆ ಹೋಗಿ ಸೋತೆ ಅಂತ ಹೇಳು. ಆಲಾನ ಖರೇ ಅಂತ."

ಅವಳು ಅವನನ್ನು ಸುಡುವ ಹಾಗೆ ನೋಡಿದಳು. ಆದರೆ ಎದ್ದಳು. ಅಂದು ಅವಳು ದೇಸೂರಿನ ರೈಲು ಬಿಟ್ಟು ಕೊನೆಗೆ ಬಸ್ಸಿಗೆ ಹೋದಳಂತೆ. ಹಾಸ್ಟೆಲಿನ ಗೇಟಿನಲ್ಲಿ ನಿಂತು, ತನ್ನ ಕಿವಿ ತಪ್ಪಿತ್ತು, ಅದು ಮರಾಠಿಯೇ, ಆಲಾ ಎಂದೇ ಇದೆ ಎಂದು ತನ್ನ ಬಾಯಿಂದ ಹೇಳಿದಳಂತೆ. ಹುಡುಗರು ಕೂಗಿ ಚಪ್ಪಾಳೆ ಹೊಡೆದರಂತೆ. ಇದನ್ನು ಮರುದಿನ ನನಗೆ ಹೇಳಿದವನು ಖಾನಾಪುರದ ಹುಡುಗ. ಹೇಳುವಾಗ ಅವನು ನಗಲಿಲ್ಲ.

ಶುಕ್ರವಾರ ಹೇಗೋ ಕಳೆಯಿತು. ಇಬ್ಬರೂ ಸರದಿಯ ಮೇಲೆ ಬೋರ್ಡು ಕಾದರು. 'ಕನ್ನಡ' ಎಂಬ ಪದ ಎಲ್ಲಾದರೂ ಬಂತೇ ಎಂದು ನೋಡುವುದೇ ಕೆಲಸ. ಬರಲಿಲ್ಲ.

ಶನಿವಾರ ನಾನು ಇನ್ನೊಮ್ಮೆ ನಿಯಮ ಮುರಿದೆ. ಕೆಫೆಯನ್ನು ಅರ್ಧ ದಿನ ಮುಚ್ಚಿಸಿದೆ, ಫೋನು ಬರಲು ತಂತಿ ಖಾಲಿ ಇರಬೇಕಿತ್ತು. ಹುಡುಗ ಹುಡುಗಿ ಆರಿಸಿದ ಮಷಿನುಗಳ ಮುಂದೆ ಕೂತಿದ್ದರು. ನಾನು ಚಹಾ ಮಾಡಿದೆ, ಯಾರೂ ಕುಡಿಯಲಿಲ್ಲ. ಕೆಳಗೂ ಮೇಲೂ ಒಟ್ಟಿಗೆ ಗಂಟೆ ಬಾರಿಸಿದಾಗ ಕೆಳಗಿನದನ್ನೇ ಎತ್ತಿದೆ.

"ಹೇಳಿದೆ" ಎಂದಳು ತಂಗಿಯ ಮಗಳು.

"ಏನಂದ್ರು?"

"ಬಹಳ ಬೈದ್ರು. ಆಮೇಲೆ ಕೇಳಿದ್ರು, ನೀನಾಗಿ ಯಾಕ ಹೇಳಿದಿ ಅಂತ. ಯಾರಿಗೂ ಗೊತ್ತಿರಲಿಲ್ಲಲ್ಲ ಅಂದ್ರು. ಇರು ಅಂದಾರ ದೊಡ್ಡವ್ವ. ಇದ್ದೀನಿ."

ನಾನು ಕೂತುಕೊಂಡೆ. ಆಗಲೇ ಗೊತ್ತಾದದ್ದು, ಅಷ್ಟು ಹೊತ್ತು ನಿಂತಿದ್ದೆ ಎಂದು.

"ಆದ್ರ ಆ ಆರಂಭ ತಗದು ಒಗೀತಾರಂತ. ಎಲ್ಲಾರೂ ನೋಡಿದ್ದು ಬ್ಯಾಡ ಅಂದ್ರು. ಮಂಚ, ಬಾಗಲಾ, ನೀ ಅಂದದ್ದು, ಎಲ್ಲಾ ಹೋತು. ಹೊಸಾದು ಮಾಡಬೇಕು." ಆ ಮಂಚಗಳ ಸದ್ದಿಗೆ ಅವಳು ಎಷ್ಟು ದುಡಿದಿದ್ದಳೋ.

"ಹೋಗ್ಲಿ ಬಿಡು" ಎಂದೆ. "ಊಟ ಮಾಡು ಮೊದ್ಲ."

ಫೋನು ಇಟ್ಟು ತಿರುಗಿದೆ. ಇಬ್ಬರೂ ನನ್ನ ಬಾಯಿಯನ್ನೇ ನೋಡುತ್ತಿದ್ದರು.

"ಅಕಿ ಇದ್ದಾಳ. ಪದ ಹೋತು."

ಹುಡುಗ ಸ್ವಲ್ಪ ಹೊತ್ತು ಲೆಕ್ಕ ಹಾಕಿದ. "ಅಂದ್ರ ಆಲಾನೂ ಹೋತು?"

"ಎರಡೂ ಹೋದ್ವು."

"ಮತ್ತ ಇಕಿ ಹಾಸ್ಟೆಲಿನ್ಯಾಗ ಸೋತದ್ದು?"

"ಅದು ಹಂಗ ಇರ್ತದ" ಎಂದಳು ಹುಡುಗಿ. ತಣ್ಣಗಾದ ಚಹಾವನ್ನು ಒಂದೇ ಗುಟುಕಿಗೆ ಕುಡಿದು, ಬಟ್ಟಲನ್ನು ಅವನ ಕೈಗೆ ಕೊಟ್ಟಳು. "ತೊಳಕೊಂಡು ಬಾ. ನನ್ನ ಕಿವಿ ಅಂತೂ ಸ್ವಚ್ಛ ಅದಾವು."

ಅವನು ಬಟ್ಟಲು ತೆಗೆದುಕೊಂಡು ಒಳಗೆ ಹೋದ. ನಾನು ಮೇಲೆ ಹೋಗಿ ಮಂಚದ ಪಕ್ಕದ ರಿಸೀವರ್ ಸರಿಯಾಗಿ ಕೂತಿದೆಯೇ ನೋಡಿ, ಕೆಫೆಯ ಬಾಗಿಲು ತೆರೆಯಲು ಹೇಳಿದೆ.